ಒಲೆಯ ಮುಂದಿನ ಹಾಸುಗಲ್ಲು

ಜೇನುಮೇಣ ಕರಗುವ ವಾಸನೆ ಮೊದಲು ಬರುತ್ತಿತ್ತು. ಅದರ ಬೆನ್ನಿಗೇ ಟರ್ಪೆಂಟೈನಿನ ಘಾಟು. ಅಪ್ಪ ಹಿತ್ತಲಲ್ಲಿ ಇಟ್ಟಿಗೆ ಹೂಡಿ, ಅದರ ಮೇಲೆ ನೀರಿನ ಪಾತ್ರೆ, ನೀರಿನೊಳಗೆ ಮೇಣದ ಡಬ್ಬಿ ಇಟ್ಟು, ಹಳೆಯ ಸೌಟಿನಿಂದ ಕಲಕುತ್ತಾ ಕೂತಿರುತ್ತಿದ್ದ. ಮೇಣ ನೀರಾದ ಮೇಲೆ ಡಬ್ಬಿಯನ್ನು ಬೆಂಕಿಯಿಂದ ದೂರ ಒಯ್ದು, "ಈಗ ಯಾರೂ ಹತ್ತಿರ ಬರಬೇಡಿ" ಎಂದು ಗದರಿಸಿ ಟರ್ಪೆಂಟೈನ್ ಸುರಿಯುತ್ತಿದ್ದ. ನಾವು ದೂರ ನಿಂತು ಮೂಗು ಅರಳಿಸುತ್ತಿದ್ದೆವು. ಮೂಗು ಚುಚ್ಚುವ ಆ ಘಾಟಿನ ಹಿಂದೆ ಒಂದು ಸಿಹಿ ಅಡಗಿರುತ್ತಿತ್ತು. ಅಪ್ಪನ ಅಂಗಿ, ಅಪ್ಪನ ಸೈಕಲ್ಲಿನ ಹಿಡಿ, ಅಪ್ಪ ತಂದುಕೊಟ್ಟ ಬಿಸ್ಕತ್ತಿನ ಪೊಟ್ಟಣ ಎಲ್ಲಕ್ಕೂ ಅದೇ ವಾಸನೆ.

ಶಾಲೆಯಲ್ಲಿ ಪಕ್ಕದ ಹುಡುಗಿ ಒಮ್ಮೆ, "ನಿಮ್ಮಪ್ಪ ಮೇಣದಬತ್ತಿ ಮಾಡ್ತಾರಾ?" ಎಂದು ಕೇಳಿದಳು. "ಇಲ್ಲ, ನೆಲ ಒರೆಸ್ತಾರೆ" ಎಂದೆ. ಮನೆಗೆ ಬಂದು ಹೇಳಿದಾಗ ಅಪ್ಪ ಬೇಜಾರು ಮಾಡಿಕೊಳ್ಳಲಿಲ್ಲ. "ಒರೆಸೋದಲ್ಲ ಮಗಳೇ, ಎಬ್ಬಿಸೋದು. ಹೊಳಪು ಕಲ್ಲಿನೊಳಗೆ ಮಲಗಿರುತ್ತೆ" ಎಂದ.

ಅಪ್ಪ ನೆಲದ ಮೇಸ್ತ್ರಿ. ಮನೆ ಕಟ್ಟುವವನಲ್ಲ; ಹಳೆಯ ಕಲ್ಲಿನ ನೆಲ, ಟೈಲ್ಸಿನ ನೆಲ ಮಸುಕಾದಾಗ, ಕಲೆ ಕಟ್ಟಿದಾಗ, ಸಂದಿ ಬಿಟ್ಟಾಗ ಜನ ಅವನಿಗೆ ಹೇಳಿ ಕಳಿಸುತ್ತಿದ್ದರು. ಒರಟು ಸಾಣೆಯಿಂದ ಶುರುಮಾಡಿ ನಯ ಸಾಣೆಗೆ ಬಂದು, ಕೊನೆಗೆ ಮೇಣ ಹಚ್ಚಿ ಬಟ್ಟೆಯಿಂದ ತಿಕ್ಕುತ್ತಿದ್ದ. ಎಲ್ಲ ಮುಗಿದ ಮೇಲೆ ಚಪ್ಪಲಿ ಬಿಟ್ಟು, ಕಣ್ಣು ಮುಚ್ಚಿಕೊಂಡು, ನೆಲದ ಮೇಲೆ ಮೂಲೆಯಿಂದ ಮೂಲೆಗೆ ನಡೆಯುತ್ತಿದ್ದ. ಮನೆಯವರು ನಕ್ಕರೆ, "ಹೊಳಪು ಕಣ್ಣಿಗೆ ಮೋಸ ಮಾಡುತ್ತೆ. ಕಾಲು ಸುಳ್ಳು ಹೇಳಲ್ಲ" ಎನ್ನುತ್ತಿದ್ದ.

ನಮ್ಮ ಅಡುಗೆಮನೆಯ ನೆಲವನ್ನು ಅವನೇ ಹಾಸಿದ್ದು. ಅಲ್ಲಿ ಒಂದು ಕಲ್ಲಿನ ಹಾಗೆ ಇನ್ನೊಂದಿರಲಿಲ್ಲ. ಕೆಲಸಕ್ಕೆ ಹೋದಲ್ಲೆಲ್ಲ ಮಿಕ್ಕ ತುಂಡು, ಮೂಲೆ ಮುರಿದ ತುಂಡುಗಳನ್ನು ಕೇಳಿ ತಂದು ಕೂಡಿಸಿದ್ದ. ಕಪ್ಪು ಕಲ್ಲು ಕೋರ್ಟಿನದು, ಬಿಳಿಯದು ಆಸ್ಪತ್ರೆಯದು, ಕೆಂಪು ರೈಲ್ವೆ ಸ್ಟೇಷನ್ನಿನದು, ಹಸಿರು ಗೆರೆಯದು ಯಾರೋ ಸಾಹುಕಾರರ ಸ್ನಾನದ ಮನೆಯದು. ನಾನೂ ನನ್ನ ತಮ್ಮನೂ ಅದರ ಮೇಲೆ ಕುಂಟಾಟ ಆಡುತ್ತಿದ್ದೆವು. "ಸ್ಟೇಷನ್ನಿಂದ ಆಸ್ಪತ್ರೆಗೆ ಹಾರು!" "ಕೋರ್ಟು ತುಳಿದೆ, ಔಟು!" ಅಮ್ಮ ಒಲೆಯ ಕಡೆಗೇ ಮುಖ ಮಾಡಿಕೊಂಡು, "ಕೋರ್ಟು, ಆಸ್ಪತ್ರೆ ಎರಡನ್ನೂ ತುಳಿಯದ ಹಾಗೆ ಬದುಕೋದು ಕಲೀರಿ, ಅಷ್ಟು ಸಾಕು" ಎನ್ನುತ್ತಿದ್ದಳು.

ಒಲೆಯ ಮುಂದೆ ಮಾತ್ರ ಒಂದು ದೊಡ್ಡ ಹಾಸುಗಲ್ಲಿತ್ತು. ಬೆಣ್ಣೆಯ ಬಣ್ಣದ್ದು, ಸುಣ್ಣಕಲ್ಲಿನ ಜಾತಿ, ಮೊಳೆಯಿಂದ ಗೀಚಿದರೆ ಗೆರೆ ಬೀಳುವಷ್ಟು ಮೆದು. ಅಮ್ಮ ಅದರ ಮೇಲೆ ಬರಿಗಾಲಲ್ಲಿ ನಿಂತು ನಿಂತು, ಪ್ರತಿದಿನ ಬೂದಿ ಹಾಕಿ ತಿಕ್ಕಿ ತೊಳೆದು, ಎರಡು ಪಾದಗಳಷ್ಟು ಜಾಗ ಸವೆದು ತಗ್ಗಾಗಿತ್ತು. ಅಮ್ಮ ತೀರಿಕೊಂಡ ಮೇಲೆ ನೋಡಿದರೆ, ಆಕೆ ಈಗಷ್ಟೇ ಪಕ್ಕಕ್ಕೆ ಸರಿದು ಉಪ್ಪಿನ ಡಬ್ಬಿ ತರಲು ಹೋಗಿದ್ದಾಳೆ ಎನ್ನುವ ಹಾಗೆ ಕಾಣುತ್ತಿತ್ತು.

ಈಗ ಹೇಳಹೊರಟಿರುವುದು ಆ ಕಲ್ಲಿನ ವಿಷಯ.

ಅಪ್ಪನ ಕಸುಬನ್ನು ತಮ್ಮ ಹಿಡಿದ. ನಾನು ಓದಿ ಶಾಲೆಯ ಮೇಡಂ ಆದೆ, ಮದುವೆಯಾದೆ. ಗಂಡ ಹೋದ ಮೇಲೆ ತವರಿಗೇ ಬಂದೆ. ತಮ್ಮನನ್ನು ಬೀದಿಯವರೆಲ್ಲ ಮೇಸ್ತ್ರಿ ಎಂದೇ ಕರೆಯುವುದು. ಸಿಟ್ಟು ಬಂದಾಗ ಅವನ ಹೆಂಡತಿಯೂ ಹಾಗೇ ಕರೆಯುತ್ತಾಳೆ. ಅವರಿಗೆ ಒಬ್ಬಳೇ ಮಗಳು. ಅವಳನ್ನು ನಾವು ಚೂಟಿ ಎನ್ನುತ್ತೇವೆ. ಕಾಲೇಜು ಮುಗಿಸಿದವಳು, "ನಾನೂ ಅಪ್ಪನ ಜೊತೆ ನೆಲದ ಕೆಲಸಕ್ಕೇ ಹೋಗೋದು" ಎಂದಾಗ ಅವಳಮ್ಮ ಹಣೆ ಚಚ್ಚಿಕೊಂಡಳು. ತಮ್ಮ ಮಾತ್ರ ಮೀಸೆಯೊಳಗೇ ನಕ್ಕ. ಅವಳು ಬಂದ ಮೇಲೆ ತಿರುಗುವ ಸಾಣೆಯ ಮಿಷನ್ನು ಬಂತು, ವಜ್ರದ ಪುಡಿಯ ಪ್ಯಾಡುಗಳು ಬಂದವು. ತಮ್ಮ ಅಂಚು, ಮೂಲೆಗಳನ್ನು ಕೈಯಲ್ಲಿ ಉಜ್ಜುತ್ತಿದ್ದ. ನಡುವಿನ ಬಯಲು ಅವಳ ಮಿಷನ್ನಿಗೆ.

ಕೆಲಸಕ್ಕೆ ಹೊರಟಾಗ ಊಟದ ಕ್ಯಾರಿಯರ್ ಹಿಡಿಯುವುದು ನಮ್ಮ ಮನೆಯಲ್ಲಿ ಕಿರಿಯರ ಪಾಲು. ಅಪ್ಪನ ಜೊತೆ ಹೋಗುವಾಗ ತಮ್ಮ, ಮೀಸೆ ಬಂದ ಮೇಲೂ, ಅದನ್ನು ಹಿಡಿದೇ ನಡೆಯುತ್ತಿದ್ದ. ಅದೇ ಹಿತ್ತಾಳೆಯ ಕ್ಯಾರಿಯರ್ ಈಗ ಚೂಟಿಯ ಕೈಗೆ ಬಂದಿತ್ತು. ಇಬ್ಬರೂ ಒಂದೇ ಕ್ಯಾರಿಯರಿನಲ್ಲಿ ಉಣ್ಣುತ್ತಿದ್ದರು.

ಸಂಜೆ ಬಂದವನೇ ತಮ್ಮ ಕಾಲು ತೊಳೆದು ನೇರ ಅಡುಗೆಮನೆಗೆ ಹೋಗಿ, ಆ ತಗ್ಗಿನಲ್ಲಿ ಪಾದ ಇಟ್ಟು ನಿಂತು ಒಂದು ಲೋಟ ನೀರು ಕುಡಿಯುತ್ತಿದ್ದ. ದಿನಾ. ಊರವರ ನೆಲವೆಲ್ಲ ಕನ್ನಡಿ ಮಾಡಿದವನ ಅಡುಗೆಮನೆ ಮಾತ್ರ ಮಸುಕಾಗಿ, ಎಣ್ಣೆ ಕುಡಿದು ಕಪ್ಪಾಗಿತ್ತು. ಬಂದವರು, "ಏನು ಮೇಸ್ತ್ರಿ, ದೀಪದ ಬುಡದಲ್ಲೇ ಕತ್ತಲೆ!" ಎಂದು ಹಾಸ್ಯ ಮಾಡಿದರೆ, "ಅಲ್ಲಿಗೆ ಮಿಷನ್ನು ಬರಲ್ಲ" ಎಂದು ಮಾತು ಮುಗಿಸುತ್ತಿದ್ದ.

ಆ ತಗ್ಗಿನಲ್ಲಿ ನೀರು ನಿಲ್ಲುತ್ತಿತ್ತು. ತಮ್ಮನ ಹೆಂಡತಿ ಅದನ್ನು ಬಟ್ಟೆಯಿಂದ ಎತ್ತಿ ಎತ್ತಿ ಹಿಂಡುತ್ತಿದ್ದಳು. ಒಂದು ಬೆಳಿಗ್ಗೆ ಸೋಪಿನ ನೀರು ನಿಂತದ್ದು ಕಾಣದೆ ಕಾಲಿಟ್ಟು ಜಾರಿದಳು. ಮಂಡಿ ಊದಿತು. ಡಾಕ್ಟರು ಪಟ್ಟಿ ಕಟ್ಟಿ, ಮನೆಯೊಳಗೂ ರಬ್ಬರಿನ ಚಪ್ಪಲಿ ಹಾಕಿಕೊಳ್ಳಬೇಕು, ಜಾಸ್ತಿ ಹೊತ್ತು ನಿಲ್ಲಬಾರದು ಎಂದರು. "ನಿಲ್ಲದೆ ಅಡುಗೆ ಮಾಡೋದು ಹೇಗೆ ಅಂತ ಅವರ ಹೆಂಡ್ತೀನ ಕೇಳ್ಕೊಂಡು ಬರ್ಲಿ" ಎಂದು ಅವಳು ಕುಂಟುತ್ತಲೇ ಎದ್ದಳು.

ಸ್ವಲ್ಪ ದಿನಗಳ ಮೇಲೆ ತಮ್ಮ ಬೇರೆ ಊರಿನ ಒಂದು ಹಳೆಯ ಬಂಗಲೆಯ ಕೆಲಸಕ್ಕೆ ಹೋದ. ಚೂಟಿ ನೆಗಡಿಯ ನೆಪ ಹೇಳಿ ಉಳಿದಳು. ನಾನೂ ಆಗಲೇ ಕಾಲೇಜಿನ ಹಳೆಯ ಗೆಳತಿಯ ಮನೆಗೆ ಹೋಗಿದ್ದೆ. ವಾಪಸು ಬರುವಾಗ ತಮ್ಮ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ. ನನ್ನ ಚೀಲವನ್ನೂ ಅವನೇ ಹೊತ್ತುಕೊಂಡು ಬಂದ.

ಬಾಗಿಲಲ್ಲೇ ಮೇಣದ ವಾಸನೆ. ನನಗಂತೂ ಲಂಗ ಎತ್ತಿ ಹಿತ್ತಲಿಗೆ ಓಡಬೇಕು ಎನ್ನಿಸಿತು. ತಾಯಿ ಮಗಳಿಬ್ಬರೂ ಹಬ್ಬದ ಮುಖ ಮಾಡಿಕೊಂಡು ನಿಂತಿದ್ದರು.

"ಮೇಣ ಯಾಕೆ ಕಾಯಿಸಿದ್ದೀಯ?" ತಮ್ಮ ಕೇಳಿದ.

"ನೋಡಿ ಬನ್ನಿ ಅಪ್ಪ."

ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ನಾನು ಬಾಯಿ ಬಿಟ್ಟೆ. ಕೆಂಪು ಕಲ್ಲು ಕೆಂಪಾಗಿತ್ತು! ಅದು ಅಷ್ಟು ಕೆಂಪು ಎಂಬುದನ್ನೇ ನಾನು ಮರೆತಿದ್ದೆ. ಸಾಹುಕಾರರ ಹಸಿರು ಗೆರೆ, ಆಸ್ಪತ್ರೆಯ ಬಿಳಿಯೊಳಗಿನ ಬೂದು ಎಳೆ, ಎಲ್ಲವೂ ನಿದ್ದೆಯಿಂದ ಎದ್ದು ಮುಖ ತೊಳೆದುಕೊಂಡ ಹಾಗಿದ್ದವು. ನಾನು ತಮ್ಮನ ಕಡೆ ತಿರುಗಿದೆ. ಅವನು ಒಲೆಯ ಮುಂದಿನ ಕಲ್ಲನ್ನು ನೋಡುತ್ತಿದ್ದ. ಬೆಣ್ಣೆ ಬಣ್ಣ ಥಳಥಳ ಹೊಳೆಯುತ್ತಿತ್ತು. ಪಾದಗಳ ನೆರಳು ಅಲ್ಲಿರಲಿಲ್ಲ.

"ಅದನ್ನ ಮುಟ್ಟು ಅಂತ ಯಾರು ಹೇಳಿದ್ರು?"

"ಅಮ್ಮ ಅಲ್ಲೇ ಬಿದ್ದಿದ್ದಲ್ವಾ ಅಪ್ಪ. ಇನ್ಮೇಲೆ ನೀರು ನಿಲ್ಲಲ್ಲ..."

"ಯಾರು ಹೇಳಿದ್ರು ಅಂತ ಕೇಳ್ದೆ."

"ಯಾರೂ ಹೇಳಿಲ್ಲ, ನಾನೇ ಮಾಡ್ದೆ. ಚಪ್ಪಲಿ ಬಿಟ್ಟು ಒಳಗೆ ಬಂದು ಒಂದ್ಸಲ ನಿಂತ್ಕೊಂಡು ನೋಡಿ."

"ನಿಂತ್ಕೊಳ್ಳೋಕೆ ಏನು ಉಳಿಸಿದ್ದೀಯ ಅಲ್ಲಿ?"

"ನಿಂತು ನೋಡಿ, ಆಮೇಲೆ ಬೈಯಿರಿ."

"ಕಂಡೋರ ಮನೆ ನೆಲಕ್ಕೆ ಮಿಷನ್ ಇಡೋ ಮುಂಚೆ ಹತ್ತು ಸಲ ಕೇಳ್ತೀಯ. ನಿಮ್ಮಜ್ಜಿ ಕಾಲಿನ ಗುರುತು ಅಳಿಸೋ ಮುಂಚೆ ಒಂದ್ಸಲ ಕೇಳೋಕೆ ಆಗ್ಲಿಲ್ವಾ?"

"ಕೇಳಿದ್ರೆ ಬೇಡ ಅಂತಿದ್ರಿ."

"ಗೊತ್ತಿತ್ತಲ್ಲ ಹಾಗಾದ್ರೆ!"

 

ಅವನು ಹೊಸ್ತಿಲು ದಾಟಲೇ ಇಲ್ಲ. ಮುಂಬಾಗಿಲ ಕೋಣೆಗೆ ಬಂದು ಕೂತ. ಅಲ್ಲಿಂದಲೇ, "ನಾಳೆಯಿಂದ ನನ್ನ ಜೊತೆ ಕೆಲಸಕ್ಕೆ ಬರಬೇಡ. ನನಗೂ ಆ ಅಡುಗೆಮನೆಗೂ ಮುಗೀತು" ಎಂದ. ಹೆಂಡತಿ ತಟ್ಟೆ ತಂದಿಟ್ಟರೆ ಮುಟ್ಟಲಿಲ್ಲ. ಮೂಲೆಯ ಅಂಗಡಿಯಿಂದ ಬ್ರೆಡ್ಡು ತಂದು ಚಹದಲ್ಲಿ ಅದ್ದಿ ತಿಂದ.

"ತಿನ್ಲಿ ಬಿಡಿ ಅತ್ತಿಗೆ," ಎಂದಳು ಅವಳು ನನಗೆ. "ಬ್ರೆಡ್ಡು ತಿಂದ್ಕೊಂಡು ಯಾವ ಗಂಡಸೂ ಬಹಳ ದಿನ ಮುನಿಸ್ಕೊಂಡಿಲ್ಲ."

ಆದರೆ ಅವನು ಮುನಿಸಿಕೊಂಡ. ವಾರ ಕಳೆದು ಇನ್ನೊಂದು ವಾರ ಬಂತು. ಹಿತ್ತಾಳೆಯ ಕ್ಯಾರಿಯರ್ ಕಪಾಟಿನ ಮೇಲಿಂದ ಇಳಿಯಲಿಲ್ಲ. ನೀರನ್ನು ಕೂಡ ಅವನು ಬಾಗಿಲ ಕೋಣೆಯಲ್ಲಿ ಹೂಜಿ ಇಟ್ಟುಕೊಂಡು ಕುಡಿಯತೊಡಗಿದ.

ಆಗ ಅವನು ಹಿಡಿದಿದ್ದು ಹಳೆಯ ಆಸ್ಪತ್ರೆಯ ದೊಡ್ಡ ಹಜಾರದ ಕೆಲಸ, ನಮ್ಮ ಅಡುಗೆಮನೆಯ ಬಿಳಿ ಕಲ್ಲು ಬಂದ ಆಸ್ಪತ್ರೆಯದೇ. ಕಪ್ಪು ಬಿಳುಪು ಚೌಕದ ಅಮೃತಶಿಲೆಯ ನೆಲ. ಯಾರೋ ಕಲೆ ಹೋಗಲಿ ಎಂದು ವರ್ಷಗಟ್ಟಲೆ ಆಸಿಡ್ ಹಾಕಿ ತೊಳೆದು ಮೇಲ್ಮೈಯನ್ನೆಲ್ಲ ಕೊರೆದಿಟ್ಟಿದ್ದರು. ಕಲ್ಲು ಬೂದಿ ಮೆತ್ತಿದ ಹಾಗಾಗಿತ್ತು. ಅಪ್ಪ ಮಗಳಿಬ್ಬರೂ ಸೇರಿ ಮಾಡೋಣವೆಂದು ಒಪ್ಪಿಕೊಂಡ ಕೆಲಸ. ಈಗ ಇವನೊಬ್ಬನೇ.

ಮಧ್ಯಾಹ್ನ ಊಟದ ಡಬ್ಬಿ ಒಯ್ಯುವುದು ನನ್ನ ಕೆಲಸವಾಯಿತು. ಹೆಂಡತಿ ತುಂಬಿಕೊಡುವಳು, ನಾನು ಒಯ್ದು ಅವನ ಪಕ್ಕ ಇಟ್ಟು ಬರುವೆ, ಸಂಜೆ ಖಾಲಿ ಡಬ್ಬಿ ತೊಳೆದು ತರುವನು. "ನೋಡಿದ್ರಾ, ಹೊಟ್ಟೆ ಹಟ ಮಾಡಲ್ಲ" ಎಂದು ಅವಳು ಖುಷಿಪಟ್ಟಳು. ಒಂದು ದಿನ ಗೇಟಿನಲ್ಲಿ ವಾಚ್‌ಮನ್ ನನ್ನನ್ನು ತಡೆದ.

"ಅಮ್ಮಾ, ತಪ್ಪು ತಿಳ್ಕೋಬೇಡಿ. ನಾಳೆಯಿಂದ ಉಪ್ಪು ಚೂರು ಕಮ್ಮಿ ಹಾಕೋಕೆ ಹೇಳ್ತೀರಾ? ನಂಗೆ ಬಿಪಿ ಇದೆ."

"ನಿನಗೆ ಬಿಪಿ ಇದ್ರೆ ನಮ್ಮನೆ ಉಪ್ಪು ಯಾಕೆ ಕಮ್ಮಿ ಆಗ್ಬೇಕು?"

ಅವನು ತಲೆ ಕೆರೆದುಕೊಂಡ. ಹೊಟ್ಟೆ ಬೆಲ್ಟಿನ ಮೇಲೆ ಸ್ವಲ್ಪ ಬಂದಿತ್ತು. "ಮೇಸ್ತ್ರಿಯೋರು ದಿನಾ ನಂಗೇ ಕೊಟ್ಬಿಡ್ತಾರೆ. ಬಹಳ ರುಚಿ ಇರುತ್ತೆ ಅಮ್ಮಾ. ಬೇಡ ಅನ್ನೋಕೆ ಬಾಯಿ ಬರಲ್ಲ."

ಮನೆಯಲ್ಲಿ ನಾನು ಈ ವಿಷಯ ಎತ್ತಲಿಲ್ಲ. "ಮಂಡಿ ನೋವಿರೋರು ಉಪ್ಪು ಕಮ್ಮಿ ತಿನ್ಬೇಕಂತೆ, ಎಲ್ಲರಿಗೂ ಕಮ್ಮಿ ಹಾಕು" ಎಂದೆ. ವಾಚ್‌ಮನ್ನಿನ ಬಿಪಿ ನೋಡಿಕೊಂಡ ಪುಣ್ಯ ನನಗಿರಲಿ.

ಅವತ್ತು ಹಜಾರದೊಳಗೆ ತಮ್ಮ ಮಂಡಿಗೆ ಗೋಣಿ ಕಟ್ಟಿಕೊಂಡು ಗೋಡೆಯಂಚು ಉಜ್ಜುತ್ತಿದ್ದ. ಬಾಡಿಗೆಗೆ ಕರೆಸಿದ ಮಿಷನ್ನಿನವನು ಅವಸರದಲ್ಲಿ ಒರಟು ಪ್ಯಾಡು ಓಡಿಸಿ, ಬಿಳಿ ಚೌಕಗಳ ಮೇಲೆಲ್ಲ ಬಳೆ ಬಳೆಯಂಥ ಗೆರೆ ಎಬ್ಬಿಸಿ ಹೋಗಿದ್ದ. ತಮ್ಮ ಅದರ ಮೇಲೆ ಅಂಗೈ ಆಡಿಸಿದ. ಚೂಟಿ ಇದ್ದಿದ್ದರೆ ಎಂದು ನಾನು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಮತ್ತೆ ಸಾಣೆ ಹಿಡಿದು ಅವನೇ, "ಅವಳು ದಿನಾ ಎಲ್ಲಿಗೆ ಹೋಗ್ತಾಳೆ?" ಎಂದ.

"ಯಾವುದೋ ಕ್ಲೀನಿಂಗ್ ಕಂಪನಿಗೆ ಸೇರಿದ್ದಾಳೆ. ಹೋಟೆಲುಗಳ ಬಾತ್‌ರೂಮ್ ಟೈಲ್ಸು ತೊಳೆಯೋದು."

"ಆಸಿಡ್ ಸುರಿಯೋ ಕೆಲಸ." ಸಾಣೆ ಎರಡು ಸಲ ಹಿಂದೆ ಮುಂದೆ ಹೋಯಿತು. "ಗ್ಲೌಸು ಕೊಡ್ತಾರಂತಾ?"

"ನೀನೇ ಕೇಳು."

"ನಾನ್ಯಾಕೆ ಕೇಳ್ಲಿ."

ನಾನು ಹೊರಡುವಾಗ ಒಂದು ಸಣ್ಣ ಡಬ್ಬಿ ಕೈಗಿತ್ತ. ಮೇಣವನ್ನು ಎಣ್ಣೆಯಲ್ಲಿ ಕರಗಿಸಿದ್ದು. ಕೈ ಒಡೆದಾಗ ಹಚ್ಚಿಕೊಳ್ಳಲು ಅಪ್ಪ ಮಾಡುತ್ತಿದ್ದದ್ದು. "ನೀನೇ ಮಾಡಿದ್ದು ಅಂತ ಹೇಳು," ಎಂದ. ನನಗೆ ಚಹ ಬಿಟ್ಟರೆ ಬೇರೇನೂ ಕಾಯಿಸಲು ಬರುವುದಿಲ್ಲ ಎಂದು ಮನೆಯವರೆಲ್ಲರಿಗೂ ಗೊತ್ತು. ಚೂಟಿ ಡಬ್ಬಿ ತೆರೆದು ಮೂಸಿ ನೋಡಿ, "ಥ್ಯಾಂಕ್ಸ್ ಅತ್ತೆ" ಎಂದಳಷ್ಟೇ. ಬೆರಳ ಸಂದಿಗಳೆಲ್ಲ ಒಡೆದು ಕೆಂಪಾಗಿದ್ದವು. ಅವಳ ಬಟ್ಟೆಯಿಂದ ಬರುತ್ತಿದ್ದ ವಾಸನೆಗೆ ನನಗೆ ಕೆಮ್ಮು ಬರುತ್ತಿತ್ತು. ನಾವಿಬ್ಬರೂ ಒಟ್ಟಿಗೆ ಕೂತು ಒಂದೊಂದೇ ಬೆರಳಿಗೆ ಮೇಣ ಹಚ್ಚಿದೆವು.

ಒಂದು ಸಂಜೆ ಊಟಕ್ಕೆ ಕೂತಾಗ ಚೂಟಿ ವಿಷಯ ಹೇಳಿದಳು. ನಾವು ಹೆಂಗಸರು ಅಡುಗೆಮನೆಯಲ್ಲಿ, ತಮ್ಮ ಬಾಗಿಲ ಕೋಣೆಯಲ್ಲಿ ಬ್ರೆಡ್ಡಿನೊಂದಿಗೆ. ನಡುವಿನ ಬಾಗಿಲು ತೆರೆದಿತ್ತು.

"ಅಮ್ಮ, ಕಂಪನಿಯವರು ನನ್ನ ಸೂಪರ್‌ವೈಸರ್ ಮಾಡ್ತಾರಂತೆ. ಬೇರೆ ಊರಲ್ಲಿ. ಇರೋಕೆ ರೂಮೂ ಅವರೇ ಕೊಡ್ತಾರೆ. ನಾಳೆ ಬೆಳಿಗ್ಗೆ ಹೇಳ್ಬೇಕು."

ಅವಳಮ್ಮನ ಕೈಯ ತುತ್ತು ಕೈಯಲ್ಲೇ ಉಳಿಯಿತು. "ಏನಂತ ಹೇಳ್ತೀಯ?"

"ಬರ್ತೀನಿ ಅಂತ. ಇಲ್ಲಿ ನನಗೇನು ಕೆಲಸ ಇದೆ? ಮಿಷನ್ನು ಗೋಡೌನಿನಲ್ಲಿ ಬಿದ್ದಿದೆ. ಅದನ್ನೂ ಮಾರಿಬಿಡ್ಲಿ."

"ಮೇಸ್ತ್ರೀ, ಕೇಳಿಸ್ತಾ?" ಅವಳಮ್ಮ ಬಾಗಿಲ ಕೋಣೆಯ ಕಡೆ ಕೂಗಿದಳು.

"ಕಿವಿ ಇದೆ."

"ಹಾಗಾದ್ರೆ ಬಾಯಿ?"

"ಹೋಗೋರನ್ನ ಹಿಡಿಯೋಕೆ ನಾನ್ಯಾರು? ಕೇಳಿ ಮಾಡೋ ಅಭ್ಯಾಸ ಈ ಮನೇಲಿ ಯಾರಿಗಿದೆ? ಅಮ್ಮ ಜೀವಮಾನ ಪೂರ್ತಿ ನಿಂತ ಜಾಗ. ಸಾಯೋ ದಿನ ಬೆಳಿಗ್ಗೇನೂ ಅಲ್ಲೇ ನಿಂತು ನನಗೆ ಚಹ ಮಾಡ್ಕೊಟ್ಳು. ನನಗೆ ಉಳಿದಿದ್ದು ಅದೊಂದೇ..."

"ನಿಮಗೆ ಅಲ್ಲಿ ಅಜ್ಜಿ ಕಾಣ್ತಿದ್ರು ಅಪ್ಪ," ಎಂದಳು ಚೂಟಿ. "ನನಗೆ ಅಮ್ಮ ಬಿದ್ದಿದ್ದು ಕಾಣ್ತಿತ್ತು."

ಆಗ ತಮ್ಮನ ಹೆಂಡತಿ ತಟ್ಟೆ ಪಕ್ಕಕ್ಕಿಟ್ಟು ಎದ್ದಳು. ಗೋಡೆ ಹಿಡಿದು ಹಿಡಿದು ಬಾಗಿಲವರೆಗೆ ಹೋಗಿ ನಿಂತಳು. ಅವಳು ಜೋರಾಗಿ ಮಾತಾಡಿದ್ದರೆ ಚೆನ್ನಾಗಿತ್ತು. ಮೆಲ್ಲಗೆ ಮಾತಾಡಿದಳು.

"ರೀ, ಒಂದು ಮಾತು ಕೇಳ್ತೀನಿ. ನಾನು ಈ ಮನೆಗೆ ಬಂದಾಗಿಂದ ಎಲ್ಲಿ ನಿಂತು ಅಡುಗೆ ಮಾಡ್ತಿದ್ದೀನಿ?"

ಅವನು ಬ್ರೆಡ್ಡನ್ನು ಚಹದಲ್ಲಿ ಅದ್ದಿದ.

"ಅತ್ತೆ ಹೋದ್ಮೇಲೆ ಆ ಕಲ್ಲಿನ ಮೇಲೆ ಯಾರು ನಿಂತಿದ್ದು? ಗಾಳಿನಾ? ಅತ್ತೆ ಕಾಲು ನನಗಿಂತ ಸಣ್ಣದಿತ್ತು. ಅವರ ಚಪ್ಪಲಿ ನನಗೆ ಹಿಡೀತಿರಲಿಲ್ಲ. ಆದ್ರೆ ಆ ತಗ್ಗಿನಲ್ಲಿ ನನ್ನ ಪಾದ ಸರಿಯಾಗಿ ಕೂರ್ತಿತ್ತು. ಯಾಕೆ ಕೂರ್ತಿತ್ತು ಅಂತ ಯಾವತ್ತಾದ್ರೂ ಯೋಚ್ನೆ ಮಾಡಿದ್ರಾ? ಅದರಲ್ಲಿ ಅರ್ಧ ಸವೆಸಿದ್ದು ನಾನು. ನೀವು ದಿನಾ ಬಂದು ಅಮ್ಮಾ ಅಂತ ಅದರ ಮೇಲೆ ನಿಂತು ನೀರು ಕುಡಿಯೋರು. ನಾನು ಪಕ್ಕದಲ್ಲೇ ನಿಂತಿರ್ತಿದ್ದೆ, ನೀವು ನೀರು ಕುಡಿದು ಜಾಗ ಬಿಡ್ಲಿ ಅಂತ."

ಚಹದ ಲೋಟದೊಳಗೆ ಬ್ರೆಡ್ಡಿನ ತುಂಡು ಕರಗಿ ಮುಳುಗಿತು. ಅವಳು ವಾಪಸು ಬಂದು ಕೂತು, ತಣ್ಣಗಾದ ಅನ್ನವನ್ನು ಪೂರ್ತಿ ಉಂಡಳು.

ಬೆಳಿಗ್ಗೆ ಅವಳಿಗೆ ಏಳಲಾಗಲಿಲ್ಲ. ಮಂಡಿ ಮತ್ತೆ ಊದಿತ್ತು. ನಾನು ಮೆಟ್ಟಿಲ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದೆ. ತಮ್ಮ ಬಂದು ಕೆಳಗಿನ ಮೆಟ್ಟಿಲಲ್ಲಿ ಕೂತ. ಚಿಕ್ಕವನಿದ್ದಾಗ ಕೂರುತ್ತಿದ್ದ ಹಾಗೆಯೇ, ನನ್ನ ಮಂಡಿಗೆ ಬೆನ್ನು ಕೊಟ್ಟು.

"ಅಕ್ಕ, ಅಪ್ಪ ಒಲೆ ಮುಂದೆ ಅಷ್ಟು ಮೆದು ಕಲ್ಲು ಯಾಕೆ ಹಾಕ್ದ? ಕಸುಬು ಗೊತ್ತಿರೋನು ಯಾರೂ ಹಾಕಲ್ಲ. ದಿನಾ ಓಡಾಡೋ ಜಾಗಕ್ಕೆ ಗಟ್ಟಿ ಕಲ್ಲೇ ಬೇಕು. ಬೇರೆ ಕಲ್ಲು ಸಿಗ್ಲಿಲ್ಲವೇನೋ ಅಂತ ನಾನು ಅಂದ್ಕೊಂಡಿದ್ದೆ."

"ಸಿಕ್ಕಿತ್ತು. ಮೊದ್ಲು ಅಲ್ಲಿ ಕಪ್ಪು ಕಲ್ಲೇ ಇದ್ದಿದ್ದು. ನೀನು ಆಗ ತೊಟ್ಟಿಲಲ್ಲಿದ್ದೆ. ನಿನ್ನ ಹೆತ್ತ ಮೇಲೆ ಅಮ್ಮಂಗೆ ಕಾಲು ನೋವು ಶುರುವಾಯ್ತು. ಕಪ್ಪು ಕಲ್ಲು ಮಂಜುಗಡ್ಡೆ ಥರ ಕೊರೆಯೋದು. ಅಪ್ಪ ಅದನ್ನ ಕಿತ್ತು ಈ ಮೆದು ಕಲ್ಲು ತಂದು ಹಾಕ್ದ. ಇದು ಅಷ್ಟು ಕೊರೆಯಲ್ಲ ಅಂತ. ಜೊತೆ ಕೆಲಸದವನು ಬಂದು ನೋಡಿ ನಕ್ಕ. 'ಏನಯ್ಯಾ, ಇದು ನಿನ್ನ ಕಾಲದಲ್ಲೇ ಸವೆದು ಹೋಗುತ್ತಲ್ಲ' ಅಂದ."

"ಅಪ್ಪ ಏನಂದ?"

"'ಕಲ್ಲು ಸವೆದ್ರೆ ಸವೀಲಿ, ಕಾಲು ಸವೀಬಾರ್ದು' ಅಂದ."

ನಾನು ಸೊಪ್ಪು ಬಿಡಿಸಿ ಮುಗಿಸಿದೆ. ಅವನು ಎದ್ದು ನಲ್ಲಿಯ ಹತ್ತಿರ ಹೋಗಿ ಕಾಲು ತೊಳೆದುಕೊಂಡ, ಒರೆಸಿಕೊಂಡ. ಆಮೇಲೆ ಅಡುಗೆಮನೆಯ ಹೊಸ್ತಿಲು ದಾಟಿದ.

ನಾನು ಸೊಪ್ಪಿನ ಬುಟ್ಟಿ ಹಿಡಿದು ಹಿಂದೆಯೇ ಹೋದೆ. ಅವನು ಒಲೆಯ ಮುಂದೆ, ಬೆಣ್ಣೆ ಬಣ್ಣದ ಕಲ್ಲಿನ ಮೇಲೆ, ಕಣ್ಣು ಮುಚ್ಚಿ ನಿಂತಿದ್ದ. ಎಡಪಾದ ಸ್ವಲ್ಪ ಸರಿಯಿತು, ಹುಡುಕಿತು, ನಿಂತಿತು. ಬಲಪಾದ ಸರಿಯಿತು. ಹೆಬ್ಬೆರಳು ಕಲ್ಲಿನ ಮೇಲೆ ಏನನ್ನೋ ಓದುವ ಹಾಗೆ ಮೆಲ್ಲಗೆ ಆಡಿತು.

"ಚೂಟಿ," ಎಂದ ಕಣ್ಣು ತೆರೆಯದೆ.

ಅವಳು ಕಂಪನಿಯ ನೀಲಿ ಅಂಗಿ ತೊಟ್ಟು, ಚೀಲ ಭುಜಕ್ಕೇರಿಸಿ ಹೊರಡಲು ನಿಂತಿದ್ದಳು. ಬಾಗಿಲಿಗೆ ಬಂದಳು.

"ಇಲ್ಲಿ ತಗ್ಗಿದೆ."

"ಇದೆ ಅಪ್ಪ."

"ಎರಡು ಕಡೇನೂ ಇದೆ."

"ನೀರು ನಿಲ್ಲದೆ ಹರಿದು ಹೋಗೋಷ್ಟು ಮಾತ್ರ ಅಂಚು ಇಳಿಸಿದ್ದು. ಆ ಕಲ್ಲಿಗೆ ಮಿಷನ್ ಇಡ್ಲಿಲ್ಲ, ಕೈಯಲ್ಲೇ ಉಜ್ಜಿದ್ದು. ಪೂರ್ತಿ ತೆಗೆಯೋಕೆ ಮನಸ್ಸು ಬರ್ಲಿಲ್ಲ. ಮೇಣ ಹಚ್ಚಿದ ಮೇಲೆ ಹೊಳಪಿಗೆ ಕಾಣಲ್ಲ, ಅಷ್ಟೇ."

"ಹೇಳೋದಲ್ವಾ?"

"ನಿಂತು ನೋಡಿ ಅಂದ್ನಲ್ಲ."

ಅವನು ಕಣ್ಣು ತೆರೆದ. ಅಪ್ಪನ ಹಾಗೆಯೇ ಊರಿಗೆಲ್ಲ 'ಕಾಲಿನಿಂದ ನೋಡು' ಎಂದು ಹೇಳಿಕೊಡುವವನು, ತನ್ನ ಮನೆಯ ನೆಲವನ್ನು ಹೊಸ್ತಿಲಾಚೆಯಿಂದ ಕಣ್ಣಲ್ಲೇ ನೋಡಿ ತೀರ್ಪು ಕೊಟ್ಟಿದ್ದ. ಅವನ ಕಿವಿ ಕೆಂಪಾಯಿತು. ಚಿಕ್ಕಂದಿನಲ್ಲಿ ಕುಂಟಾಟದಲ್ಲಿ ಸೋತಾಗ ಆಗುತ್ತಿದ್ದ ಹಾಗೆ.

ಆದರೂ ಮೊದಲಿನಂತಲ್ಲ. ಅಮ್ಮನ ಆ ಆಳ ಹೋಗಿತ್ತು, ಹೋದದ್ದು ಹೋಯಿತು. ಅವನು ಬಗ್ಗಿ ಅಂಗೈಯಿಂದ ಒಮ್ಮೆ ಕಲ್ಲನ್ನು ಸವರಿ, "ಅಂಚು ಚೆನ್ನಾಗಿ ಇಳಿಸಿದ್ದೀಯ," ಎಂದ. ನೆಟ್ಟಗೆ ನಿಂತು, "ಅಕ್ಕಿ ಎಲ್ಲಿದೆ?" ಎಂದ.

"ಅಪ್ಪ, ನೀವು ಅಡುಗೆ ಮಾಡ್ತೀರಾ?"

"ಯಾಕೆ, ಕಲ್ಲು ಹದ ಮಾಡೋನಿಗೆ ಅಕ್ಕಿ ಹದ ಮಾಡೋಕೆ ಬರಲ್ವಾ?"

ಬಂದದ್ದು ಅಷ್ಟಕ್ಕಷ್ಟೇ. ಬೇಳೆಯ ಪಾತ್ರೆ ಉಕ್ಕಿತು, ಅನ್ನ ಮುದ್ದೆಯಾಯಿತು. "ಉಪ್ಪು ಎಲ್ಲಿ?" ಎಂದು ಕೂಗಿದಾಗ ಒಳಕೋಣೆಯ ಹಾಸಿಗೆಯಿಂದ, "ಹುಟ್ಟಿದ ಮನೇಲಿ ಉಪ್ಪಿನ ಡಬ್ಬಿ ಎಲ್ಲಿದೆ ಅಂತ ಗೊತ್ತಿಲ್ಲ! ಕಣ್ಣೆದುರಿಗೇ ಇದೆ, ಎಡಗಡೆ!" ಎಂದು ಉತ್ತರ ಬಂತು. ಆ ದನಿಯಲ್ಲಿ ನಗು ಇತ್ತು. ನಾನು ಸೊಪ್ಪು ಹೆಚ್ಚಿಕೊಟ್ಟೆ. ಚೂಟಿ ಒಗ್ಗರಣೆಯ ಹೊಗೆಗೆ ಕೆಮ್ಮುತ್ತ, ಹೋಗುವುದೋ ನಿಲ್ಲುವುದೋ ತಿಳಿಯದೆ, ಬಾಗಿಲ ಚೌಕಟ್ಟಿಗೆ ಒರಗಿಯೇ ಇದ್ದಳು. ಅವಳ ಫೋನು ಒಮ್ಮೆ ಬಡಿದುಕೊಂಡು ಸುಮ್ಮನಾಯಿತು.

ತಮ್ಮ ಮೊದಲ ತಟ್ಟೆಯನ್ನು ಒಳಕೋಣೆಗೆ ಒಯ್ದ. ಈ ಮನೆಯಲ್ಲಿ ಅವಳು ಎಲ್ಲರಿಗಿಂತ ಮೊದಲು ಉಂಡದ್ದನ್ನು ನಾನು ನೋಡಿದ್ದು ಅವತ್ತೇ. "ಬೇಳೆ ಸೀದಿದೆ" ಎಂದು ಅವಳು ಹೇಳಿದ್ದು ಕೇಳಿಸಿತು. "ತಿನ್ನು" ಎಂದು ಅವನು ಹೇಳಿದ್ದೂ ಕೇಳಿಸಿತು.

ವಾಪಸು ಬಂದವನು ಕುರ್ಚಿ ಎಳೆದು, ಕಪಾಟಿನ ಮೇಲಿದ್ದ ಹಿತ್ತಾಳೆಯ ಕ್ಯಾರಿಯರನ್ನು ಇಳಿಸಿದ. ಧೂಳು ತೊಳೆದ. ಕೆಳಗಿನ ಡಬ್ಬಿಗಳಿಗೆ ಇಬ್ಬರಿಗೆ ಸಾಕಾಗುವಷ್ಟು ಅನ್ನ, ಬೇಳೆ, ಸೊಪ್ಪು ತುಂಬಿದ. ಮೇಲಿನ ಸಣ್ಣ ಡಬ್ಬಿಗೆ ಉಪ್ಪು ಹಾಕುವ ಮೊದಲೇ ತೆಗೆದಿಟ್ಟ ಬೇಳೆಯನ್ನು ಸುರಿದು, "ವಾಚ್‌ಮನ್‌ಗೆ," ಎಂದು ನನ್ನ ಕಡೆ ನೋಡದೆ ಹೇಳಿದ. ಒಂದರ ಮೇಲೊಂದು ಕೂರಿಸಿ, ಪಟ್ಟಿ ಎಳೆದು ಬಿಗಿದ.

ಚೂಟಿ ಭುಜದಿಂದ ಕಂಪನಿಯ ಚೀಲ ಇಳಿಸಿ, ಸದ್ದಾಗದ ಹಾಗೆ, ಆ ಕುರ್ಚಿಯ ಮೇಲಿಟ್ಟಳು.

ಅವನು ಬಾಗಿಲಿಗೆ ಬಂದ. ಕ್ಯಾರಿಯರಿನ ಹಿಡಿ ಬಿಸಿಯಾಗಿತ್ತು. ಮಗಳ ಒಡೆದ ಬೆರಳುಗಳನ್ನು ಒಮ್ಮೆ ನೋಡಿದ. ಹೆಗಲ ಮೇಲಿದ್ದ ಬಟ್ಟೆಯನ್ನು ತೆಗೆದು ಹಿಡಿಗೆ ಸುತ್ತಿದ. ಆಮೇಲೆ ಅದನ್ನು ಅವಳ ಕೈಗೆ ಕೊಟ್ಟ.